ಶೆಡ್ಡಿನ ಫಿಯೆಟ್‌ಗೆ ಫೆರಾರಿಯ ನಂಟು

ಇಟಲಿಯ ಕಾರು ಎಂದರೆ ನಮ್ಮ ಮಕ್ಕಳಿಗೆ ಫೆರಾರಿ. ರಜೆಯಲ್ಲಿ ಗಲ್ಫ್‌ಗೆ ಹೋದವರು ಅಬುಧಾಬಿಯ ಯಾಸ್ ದ್ವೀಪದ ಆ ಕೆಂಪು ಛಾವಣಿಯ ಮುಂದೆ ಒಂದು ಫೋಟೊ ತೆಗೆಸಿಕೊಳ್ಳದೆ ಬರುವುದಿಲ್ಲ. 2010ರಲ್ಲಿ ಬಾಗಿಲು ತೆರೆದ ಫೆರಾರಿ ವರ್ಲ್ಡ್ ಅದು. ಲ್ಯಾಂಬೊರ್ಗಿನಿಯ ಹೆಸರೂ ಮಕ್ಕಳಿಗೆ ಬಾಯಿಪಾಠ. ಆ ಮನುಷ್ಯ ಮೊದಲು ಟ್ರ್ಯಾಕ್ಟರ್ ಮಾಡುತ್ತಿದ್ದವರು, ಕಾರಿಗೆ ಕೈ ಹಾಕಿದ್ದು 1963ರಲ್ಲಿ ಎಂದು ಹೇಳಿದರೆ ಮಾತ್ರ ನಂಬುವುದಿಲ್ಲ.

ಆದರೆ ಇಟಲಿಯ ಕಾರು ನಮ್ಮ ಮನೆಗಳ ಅಂಗಳಕ್ಕೆ ಬಂದದ್ದು ಕೆಂಪು ಬಣ್ಣದಲ್ಲಲ್ಲ. ಬಿಳಿ, ಕ್ರೀಮ್, ಮಾಸಿದ ನೀಲಿ ಬಣ್ಣದಲ್ಲಿ. ಸ್ಟೇರಿಂಗ್ ಪಕ್ಕದಲ್ಲೇ ಗೇರು, ಮುಂದಿನ ಉದ್ದ ಸೀಟಿನಲ್ಲಿ ಮೂವರು, ಹಿಂದೆ ಮಕ್ಕಳನ್ನೂ ಸೇರಿಸಿ ಎಷ್ಟು ಜನ ಎಂದು ಯಾರೂ ಲೆಕ್ಕ ಇಟ್ಟಿರಲಿಲ್ಲ. ಅದನ್ನು ನಾವು ಫಿಯೆಟ್ ಎಂದು ಕರೆದೆವು. ಮುಂದೆ ಕಂಪೆನಿಯವರು ಪ್ರೀಮಿಯರ್ ಪದ್ಮಿನಿ ಎಂದು ಹೆಸರು ಬದಲಿಸಿದರೂ ನಮ್ಮ ಬಾಯಲ್ಲಿ ಅದು ಫಿಯೆಟ್ಟೇ.

ಬೆಂಗಳೂರಿನ ಕುಕ್ ಟೌನ್‌ನಲ್ಲಿ ಇವತ್ತಿಗೂ ಅವು ಅಲ್ಲಲ್ಲಿ ಉಂಟು. ವೀಲರ್ ರೋಡಿನಿಂದ ಒಳಗೆ ತಿರುಗಿ, ಮಿಲ್ಟನ್ ಸ್ಟ್ರೀಟ್ ಕಡೆಗೆ ನಿಧಾನವಾಗಿ ನಡೆದು ನೋಡಿ. ಹಳೇ ಬಂಗಲೆಗಳು ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗುತ್ತಿವೆ. ಉಳಿದ ಕೆಲವು ಮನೆಗಳ ಬದಿಯಲ್ಲಿ ಹಂಚಿನ ಶೆಡ್ಡು, ಅದರೊಳಗೆ ಟಾರ್ಪಾಲು ಹೊದ್ದುಕೊಂಡ ಒಂದು ದುಂಡಗಿನ ಆಕಾರ. ಟೈರಿನಲ್ಲಿ ಗಾಳಿ ಇಲ್ಲ. ಬಾನೆಟ್ ಮೇಲೆ ಬೆಕ್ಕು. ಹೀಗೆ ನಿಂತ ಗಾಡಿಗಳ ಬಗ್ಗೆಯೇ ಈ ವಾರ ಬರೆಯೋಣ ಎಂದುಕೊಂಡೆವು. ಅದಕ್ಕೆ ಮೊದಲು ಇಟಲಿಗೆ ಒಮ್ಮೆ ಹೋಗಿ ಬರಬೇಕು. ಯಾಕೆಂದರೆ ಆ ಟಾರ್ಪಾಲಿನ ಅಡಿಯಲ್ಲಿರುವುದು ಬರೀ ಹಳೇ ಡಬ್ಬಾ ಅಲ್ಲ, ಮಾರಾಯ್ರೆ. ಅದರ ಮನೆತನ ದೊಡ್ಡದು.

ಇಟಲಿಯ ಟುರಿನ್ ನಗರದಲ್ಲಿ 1899ರಲ್ಲಿ ಹುಟ್ಟಿದ ಕಂಪೆನಿ ಫಿಯೆಟ್. ಅವರ ಲಿಂಗೊಟ್ಟೊ ಕಾರ್ಖಾನೆಯ ತಾರಸಿಯ ಮೇಲೆಯೇ ಕಾರು ಓಡಿಸಿ ಪರೀಕ್ಷೆ ಮಾಡುವ ರಸ್ತೆ ಇತ್ತು. ಕೆಳಗೆ ಕಬ್ಬಿಣ ಒಳಗೆ ಹೋಗುವುದು, ಮಹಡಿಯಿಂದ ಮಹಡಿಗೆ ಏರುತ್ತಾ ಕಾರಾಗಿ ಮೇಲೆ ಬರುವುದು. 1937ರಲ್ಲಿ ಈ ಕಂಪೆನಿ 1100 ಎಂಬ ಕಾರು ತಂದಿತು. ನಾಲ್ಕು ಸಿಲಿಂಡರ್, 68 ಮಿಲಿಮೀಟರ್ ಅಗಲದ ಪಿಸ್ಟನ್, 75 ಮಿಲಿಮೀಟರ್ ಓಟ, ಒಟ್ಟು 1089 ಸಿ.ಸಿ. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಮುಂಬೈಯ ಕುರ್ಲಾದಲ್ಲಿ ತಯಾರಾದ ನಮ್ಮ ಪದ್ಮಿನಿಯ ಎಂಜಿನ್ ಕೂಡ ಅದೇ 1089 ಸಿ.ಸಿ. ನಡುವೆ ತಿದ್ದುಪಡಿ ಬೇಕಾದಷ್ಟು ಆಗಿದೆ. ವಂಶ ಮಾತ್ರ ಒಂದೇ.

ಈಗ ಫೆರಾರಿಯ ಕಥೆ. ಎಂಜೊ ಫೆರಾರಿ ಆಗ ಆಲ್ಫಾ ರೋಮಿಯೊ ಕಂಪೆನಿಯ ರೇಸ್ ತಂಡ ನಡೆಸುತ್ತಿದ್ದರು. 1939ರಲ್ಲಿ ಅಲ್ಲಿಂದ ಹೊರಬಿದ್ದರು. ನಾಲ್ಕು ವರ್ಷ ನಿಮ್ಮ ಹೆಸರಿನಲ್ಲಿ ರೇಸು ಕಾರು ಇಳಿಸಬಾರದು ಎಂದು ಷರತ್ತು. ಮನುಷ್ಯ ಸುಮ್ಮನೆ ಕೂರುವ ಜಾತಿಯಲ್ಲ. ಮೊಡೆನಾದಲ್ಲಿ ಬೇರೆ ಹೆಸರಿನ ವರ್ಕ್‌ಶಾಪ್ ಹಾಕಿ, 1940ರ ಬ್ರೆಶಿಯಾ ರೇಸಿಗೆ ಎರಡು ಕಾರು ಕಟ್ಟಿಸಿದರು. ಹೆಸರು ಬರೀ ‘815’, ಅಂದರೆ 8 ಸಿಲಿಂಡರ್, ಒಂದೂವರೆ ಲೀಟರ್. ಹೊಸ ಎಂಜಿನ್ ಮಾಡಲು ಸಮಯವೂ ಇಲ್ಲ, ದುಡ್ಡೂ ಇಲ್ಲ. ಏನು ಮಾಡಿದರು ಗೊತ್ತುಂಟಾ? ಫಿಯೆಟ್ 1100ರ ಎರಡು ಹೆಡ್ಡುಗಳನ್ನು ಒಂದರ ಹಿಂದೆ ಒಂದು ಜೋಡಿಸಿ ಎಂಟು ಸಿಲಿಂಡರ್ ಮಾಡಿದರು.

ಎಂಜೊ ಫೆರಾರಿ ಸ್ವಂತಕ್ಕೆ ಕಟ್ಟಿಸಿದ ಮೊದಲ ಕಾರು ಅದು. ಕುದುರೆಯ ಚಿಹ್ನೆ ಇಲ್ಲ, ಫೆರಾರಿ ಎಂಬ ಹೆಸರೂ ಇಲ್ಲ. ಎಂಜಿನ್‌ನ ತಲೆ ಮಾತ್ರ ಫಿಯೆಟ್ 1100ರದ್ದು. ಒಂದನ್ನು ಓಡಿಸಿದವರು ಆಲ್ಬರ್ಟೊ ಅಸ್ಕರಿ. ಮುಂದೆ 1952 ಮತ್ತು 1953ರಲ್ಲಿ ಫೆರಾರಿಯಲ್ಲೇ ವಿಶ್ವ ಚಾಂಪಿಯನ್ ಆದವರು. ಅವತ್ತು ಎರಡೂ ಕಾರುಗಳು ಚೆನ್ನಾಗಿಯೇ ಓಡಿ, ಅರ್ಧದಲ್ಲಿ ಕೆಟ್ಟು ನಿಂತವು. ಅಸ್ಕರಿಯ ಕಾರು ಇಂದಿಗೂ ಇದೆ. ಇನ್ನೊಂದು ಗುಜರಿಗೆ ಹೋಯಿತು. ಹೌದು, ಫೆರಾರಿಯ ಚೊಚ್ಚಲ ಜೋಡಿಯಲ್ಲಿ ಒಂದನ್ನು ಒಡೆದು ಹಾಕಿದರು. ಅವತ್ತಿನ ಕಣ್ಣಿಗೆ ಅದೂ ಒಂದು ಹಳೇ ಗಾಡಿ ಅಷ್ಟೆ.

ಯುದ್ಧ ಮುಗಿದ ಮೇಲೆ ಇಟಲಿಯಲ್ಲಿ ಏನೂ ಉಳಿದಿರಲಿಲ್ಲ, ಸಿಗುತ್ತಿದ್ದದ್ದು ಫಿಯೆಟ್ 1100ರ ಬಿಡಿಭಾಗಗಳು. ಹಾಗಾಗಿ ಟುರಿನ್, ಮೊಡೆನಾದ ಸಣ್ಣ ಸಣ್ಣ ವರ್ಕ್‌ಶಾಪುಗಳು ಅದನ್ನೇ ಹಿಡಿದುಕೊಂಡು ಜಿದ್ದಿಗೆ ಬಿದ್ದವು. ಪಿಯೆರೊ ಡುಸಿಯೊ ಎಂಬ ಉದ್ಯಮಿ ಚಿಸಿಟಾಲಿಯಾ ಎಂಬ ಕಂಪೆನಿ ಶುರು ಮಾಡಿದರು. ಅವರ 1946ರ ರೇಸು ಕಾರಿನ ನಕ್ಷೆ ಮಾಡಿದವರು ಫಿಯೆಟ್‌ನ ಎಂಜಿನಿಯರ್ ಡಾಂಟೆ ಜಿಯಕೋಸ. ನಮ್ಮ ಫಿಯೆಟ್‌ನ ಹಿರಿಯ ಎನ್ನಬೇಕಾದವರು ಇವರೇ, 1100 ಇವರದೇ ಕೂಸು. ಅದೇ ಚಿಸಿಟಾಲಿಯಾದ 202 ಎಂಬ ಕಾರನ್ನು 1951ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂನಲ್ಲಿ ಶಿಲ್ಪದ ಹಾಗೆ ನಿಲ್ಲಿಸಿ ಜನರಿಗೆ ತೋರಿಸಿದರು. ಅದರ ಬಾನೆಟ್ ಎತ್ತಿದರೆ ಒಳಗೆ ಅದೇ 1089 ಸಿ.ಸಿ.

ಈ ಕಾರಿನ ಒಂದು ಓಟವನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಲೇಬೇಕು. ಮಿಲ್ಲೆ ಮಿಲ್ಯಾ ಎಂದರೆ ಸಾವಿರ ಮೈಲಿ. 1927ರಿಂದ ನಡೆಯುತ್ತಿದ್ದ ರೇಸು. ಬ್ರೆಶಿಯಾದಿಂದ ಹೊರಟು ರೋಮ್ ಮುಟ್ಟಿ ವಾಪಸ್ ಬ್ರೆಶಿಯಾಕ್ಕೆ, ಸುಮಾರು 1600 ಕಿಲೋಮೀಟರ್, ಊರೂರಿನ ಮಾಮೂಲಿ ರಸ್ತೆಯಲ್ಲೇ. ಬೆಂಗಳೂರಿನಿಂದ ಮಂಗಳೂರಿಗೆ ಶಿರಾಡಿ ಘಾಟಿ ಇಳಿದು ಹತ್ತಿ ಎರಡು ಸಲ ಹೋಗಿ ಬಂದರೂ ಅಷ್ಟಾಗುವುದಿಲ್ಲ. 1947ರ ಜೂನ್, ನಮಗೆ ಸ್ವಾತಂತ್ರ್ಯ ಬರುವುದಕ್ಕೆ ಎರಡು ತಿಂಗಳು ಬಾಕಿ. ತಾಜಿಯೊ ನುವೊಲಾರಿ ಎಂಬ ಹಳೇ ಹುಲಿ, ವಯಸ್ಸು 54, ಆರೋಗ್ಯ ಪೂರ್ತಿ ಕೆಟ್ಟಿದೆ, ಛಾವಣಿ ಇಲ್ಲದ ಪುಟ್ಟ ಚಿಸಿಟಾಲಿಯಾದಲ್ಲಿ ಕೂತು ಹೊರಟರು. ಎದುರಿಗೆ ಬಿಯೊಂಡೆಟ್ಟಿ ಎಂಬವರ ಆಲ್ಫಾ ರೋಮಿಯೊ, ಅದರ ಎಂಜಿನ್ 2900 ಸಿ.ಸಿ. ಅಂದರೆ ಎರಡೂವರೆ ಪಟ್ಟಿಗಿಂತ ದೊಡ್ಡದು. ಆದರೂ ಮುಂದಿದ್ದವರು ನುವೊಲಾರಿ.

ಕೊನೆಯ ಹಂತದಲ್ಲಿ ಮಳೆ ಹೊಡೆಯಿತು. ಇಗ್ನಿಷನ್‌ಗೆ ನೀರು ಹೋಗಿ ಎಂಜಿನ್ ನಿಂತಿತು. ಒಣಗಿಸಿ ಮತ್ತೆ ಸ್ಟಾರ್ಟ್ ಮಾಡುವಷ್ಟರಲ್ಲಿ ಆಲ್ಫಾ ಮುಂದೆ ಹೋಗಿಯಾಗಿತ್ತು. ನುವೊಲಾರಿ ಎರಡನೆಯವರಾದರು.

ಫಿಯೆಟ್ ಇಟ್ಟುಕೊಂಡಿದ್ದ ಯಾವ ಮನೆಯವರಿಗಾದರೂ ಈ ಕಥೆ ಹೇಳಿ ನೋಡಿ, ನಗುತ್ತಾರೆ. ಮಳೆಗಾಲದಲ್ಲಿ ನೀರು ನಿಂತ ರಸ್ತೆ ದಾಟಿದ್ದೇ ಗಾಡಿ ಬಂದ್. ಬಾಪ ಇಳಿದು, ಬಾನೆಟ್ ಎತ್ತಿ, ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ, ಬೈರಾಸಿನ ತುದಿಯಿಂದ ಒರೆಸಿ, ಊದಿ, ಮತ್ತೆ ಹಾಕುತ್ತಿದ್ದರು. ಹಿಂದಿನ ಸೀಟಿನಲ್ಲಿ ಉಮ್ಮ ಅದು ಇದು ಪ್ರಾರ್ಥಿಸುತ್ತಾ ಕೂತಿರುತ್ತಿದ್ದರು. ಜಗತ್ತಿನ ಅತಿ ದೊಡ್ಡ ಡ್ರೈವರ್ ಇಟಲಿಯಲ್ಲಿ ಸೋತದ್ದು ಅದೇ ಕಾಯಿಲೆಗೆ ಎಂದು ಆಗ ನಮಗೆ ಗೊತ್ತಿರಲಿಲ್ಲ.

ಚಿಸಿಟಾಲಿಯಾ ಬೇಗ ಮುಳುಗಿತು. ಅದರ ರೇಸು ವಿಭಾಗ ನೋಡಿಕೊಳ್ಳುತ್ತಿದ್ದ ಕಾರ್ಲೊ ಅಬಾರ್ತ್ 1949ರಲ್ಲಿ ತಮ್ಮದೇ ಕಂಪೆನಿ ಹಾಕಿದರು. ಚಿಹ್ನೆ ಚೇಳು. ಫಿಯೆಟ್‌ನ ಸಣ್ಣ ಕಾರುಗಳನ್ನು ತೆಗೆದುಕೊಂಡು, ಬಿಚ್ಚಿ, ಉಜ್ಜಿ, ವೇಗ ಹೆಚ್ಚಿಸಿ ಕೊಡುವುದು ಅವರ ಕಸುಬು. ಹೊಟ್ಟೆ ತುಂಬಿಸಿದ್ದು ಮಾತ್ರ ಸೈಲೆನ್ಸರ್ ವ್ಯಾಪಾರ. ಫ್ರೇಜರ್ ಟೌನ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಬುಲೆಟ್ ಗುಡುಗಿಸುವ ನಮ್ಮ ಹುಡುಗರಿಗೆ ಗುರು ಯಾರು ಎಂದು ಈಗ ತಿಳಿಯಿತಲ್ಲ. ಪೊಲೀಸರು ರೋಡ್ ರೋಲರ್ ಹತ್ತಿಸಿ ಪುಡಿ ಮಾಡುವುದನ್ನು ಅಬಾರ್ತ್ ಸಾಹೇಬರು ನೋಡಲಿಲ್ಲ, ಪುಣ್ಯ.

ವೇಗದ ಇನ್ನೊಂದು ಮುಖವನ್ನು ಬಿಟ್ಟು ಈ ಚರಿತ್ರೆ ಬರೆದರೆ ತಪ್ಪಾದೀತು. 1957ರ ಮಿಲ್ಲೆ ಮಿಲ್ಯಾದಲ್ಲಿ ಗುಯಿದಿಜೋಲೊ ಎಂಬ ಹಳ್ಳಿಯ ಹತ್ತಿರ ಒಂದು ಫೆರಾರಿಯ ಟೈರು ಒಡೆದು, ರಸ್ತೆ ಬದಿ ನಿಂತು ನೋಡುತ್ತಿದ್ದವರ ಮೇಲೆ ಹೋಯಿತು. ನೋಡಲು ಬಂದ ಒಂಬತ್ತು ಜನ ಸತ್ತರು, ಅದರಲ್ಲಿ ಐವರು ಮಕ್ಕಳು. ಕಾರಿನಲ್ಲಿದ್ದ ಇಬ್ಬರೂ ಉಳಿಯಲಿಲ್ಲ. ಅಲ್ಲಿಗೆ ಮಿಲ್ಲೆ ಮಿಲ್ಯಾದ ಆ ಕಾಲ ಮುಗಿಯಿತು.

ರ್ಯಾಲಿಯಲ್ಲಿಯೂ ಹಾಗೆಯೇ. ಫಿಯೆಟ್ ಕಂಪೆನಿ 1969ರಲ್ಲಿ ಲ್ಯಾನ್ಸಿಯಾ ಕಂಪೆನಿಯನ್ನು ಕೊಂಡಿತು, ಅದೇ ವರ್ಷ ಫೆರಾರಿಯಲ್ಲಿ ಅರ್ಧ ಪಾಲನ್ನೂ. ಒಂದೇ ಮನೆಯವರಾದ ಮೇಲೆ ಕೊಡುಕೊಳ್ಳುವಿಕೆ ಸುಲಭ ನೋಡಿ. ಲ್ಯಾನ್ಸಿಯಾ ಸ್ಟ್ರಾಟೋಸ್ ಎಂಬ ಬಾಣದಂಥ ಕಾರಿಗೆ ಫೆರಾರಿಯ ಎಂಜಿನ್ ಕೂರಿಸಿದರು. 1974, 75, 76, ಮೂರು ವರ್ಷ ಸಾಲಾಗಿ ವಿಶ್ವ ರ್ಯಾಲಿ ಪಟ್ಟ. ಆಮೇಲೆ ಮಾಮೂಲಿ ಕುಟುಂಬದ ಕಾರಿನ ಹಾಗೆ ಕಾಣುವ ಫಿಯೆಟ್ 131 ಅಬಾರ್ತ್ 1977, 78 ಮತ್ತು 80ರಲ್ಲಿ ಗೆದ್ದಿತು. 1983ರಲ್ಲಿ ಲ್ಯಾನ್ಸಿಯಾ 037, ಹಿಂದಿನ ಎರಡೇ ಚಕ್ರಕ್ಕೆ ಶಕ್ತಿ ಕೊಡುವ ಗಾಡಿ, ನಾಲ್ಕೂ ಚಕ್ರ ತಿರುಗಿಸುವ ಜರ್ಮನಿಯ ಆಡಿಯನ್ನು ಸೋಲಿಸಿತು. ಅಂಥ ಕಾರು ತಯಾರಕರ ಪಟ್ಟ ಗೆದ್ದದ್ದು ಅದೇ ಕೊನೆ. ನಂತರ ಶಕ್ತಿ ಕೈಮೀರಿತು. 1985ರ ಮೇ 2ರಂದು ಕಾರ್ಸಿಕಾ ದ್ವೀಪದ ರ್ಯಾಲಿಯಲ್ಲಿ ಅಟ್ಟಿಲಿಯೊ ಬೆಟ್ಟೆಗಾ ತೀರಿಕೊಂಡರು. ಸರಿಯಾಗಿ ಒಂದು ವರ್ಷಕ್ಕೆ, 1986ರ ಮೇ 2ರಂದು, ಅದೇ ದ್ವೀಪದಲ್ಲಿ ಹೆನ್ರಿ ತೊಯಿವೊನೆನ್ ಮತ್ತು ಪಕ್ಕದಲ್ಲಿದ್ದ ಸರ್ಜಿಯೊ ಕ್ರೆಸ್ಟೊ ಕಾರಿನೊಳಗೇ ಬೆಂದುಹೋದರು. ಆ ಬಗೆಯ ಕಾರುಗಳನ್ನೇ ನಿಷೇಧಿಸಲಾಯಿತು. ಆಮೇಲೆ ಬಂದ ಲ್ಯಾನ್ಸಿಯಾ ಡೆಲ್ಟಾ 1987ರಿಂದ 1992ರವರೆಗೆ ಆರು ವರ್ಷ ಯಾರಿಗೂ ಬಿಟ್ಟುಕೊಡಲಿಲ್ಲ.

ರ್ಯಾಲಿ ಎಂದಾಗ ನಮ್ಮ ಕಡೆಯ ಮೂಸಾ ಶರೀಫ್ ಅವರ ಹೆಸರು ಹೇಳದೆ ಮುಂದೆ ಹೋಗುವುದು ಹೇಗೆ? ಕಾಸರಗೋಡಿನ ಮೊಗ್ರಾಲ್‌ನವರು, ರಾಷ್ಟ್ರೀಯ ರ್ಯಾಲಿ ಚಾಂಪಿಯನ್‌ಶಿಪ್ಪನ್ನು ಒಂದಕ್ಕಿಂತ ಹೆಚ್ಚು ಸಲ ಗೆದ್ದವರು. ಅವರದು ಸ್ಟೇರಿಂಗ್ ಹಿಡಿಯುವ ಕೆಲಸವಲ್ಲ, ಪಕ್ಕದ ಸೀಟಿನದು. ಮೊದಲೇ ದಾರಿ ನೋಡಿ ಬರೆದುಕೊಂಡ ಟಿಪ್ಪಣಿಯನ್ನು, ಗಾಡಿ ಹಾರುತ್ತಿರುವಾಗಲೇ ಓದಿ ಹೇಳಬೇಕು. ಮುಂದೆ ಎಡ ತಿರುವು, ಎಷ್ಟು ಬಿಗಿ, ಆಚೆ ಎಷ್ಟು ಮೀಟರ್ ನೇರ ದಾರಿ. ಒಂದು ಸಾಲು ತಪ್ಪಿದರೆ ಇಬ್ಬರೂ ಕಣಿವೆಗೆ. ಕ್ರೆಸ್ಟೊ ಕೂತಿದ್ದೂ ಅದೇ ಸೀಟಿನಲ್ಲಿ.

ನಮ್ಮ ದೇಶದಲ್ಲಿ ಇಟಲಿಯ ಕಾರು ಬೇರೂರಿದ್ದು ಪ್ರೀಮಿಯರ್ ಆಟೊಮೊಬೈಲ್ಸ್ ಕಂಪೆನಿಯಿಂದ. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಕಂಪೆನಿ. 1950ರ ದಶಕದಲ್ಲಿ ಫಿಯೆಟ್ 1100 ಬಂತು, 1964ರಲ್ಲಿ ಈಗ ನಾವು ಗುರುತಿಸುವ ಚೌಕ ಮುಖದ ಮಾದರಿ. 70ರ ದಶಕದಲ್ಲಿ ಮೊದಲು ಪ್ರೀಮಿಯರ್ ಪ್ರೆಸಿಡೆಂಟ್, ಆಮೇಲೆ ಪದ್ಮಿನಿ. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಮದರಾಸಿನ ಹತ್ತಿರದ ಶೋಲಾವರಂ ವಿಮಾನಪಟ್ಟಿಯ ರೇಸುಗಳಲ್ಲಿ ಇದೇ ಫಿಯೆಟ್ಟುಗಳು ಅಂಬಾಸಿಡರ್, ಹೆರಾಲ್ಡ್ ಜೊತೆ ಜಿದ್ದಾಜಿದ್ದಿ ನಡೆಸಿದವು. ನಮ್ಮ ಮಿಸ್ತ್ರಿಗಳು ಹೆಡ್ಡು ಉಜ್ಜಿ, ಕಾರ್ಬೊರೇಟರ್ ಬದಲಿಸಿ, ಅಬಾರ್ತ್ ಟುರಿನ್‌ನಲ್ಲಿ ಮಾಡಿದ್ದನ್ನೇ ಇಲ್ಲಿ ಮಾಡಿದರು. ಯಾರೂ ಕಲಿಸಿರಲಿಲ್ಲ. 1980ರಲ್ಲಿ ಮುಂಬೈಯ ನಜೀರ್ ಹುಸೇನ್ ಹಿಮಾಲಯನ್ ರ್ಯಾಲಿ ಶುರು ಮಾಡಿದ ಮೇಲೆ ರ್ಯಾಲಿ ಎಂಬ ಮಾತು ಮನೆಮನೆಗೂ ಬಂತು. 1985ರಲ್ಲಿ ಬಂದ ಪ್ರೀಮಿಯರ್ 118ಎನ್‌ಇ ಕಾರಿನ ದೇಹ ಫಿಯೆಟ್ 124ರದು, ಹೃದಯ ಜಪಾನಿನ ನಿಸ್ಸಾನ್. ಅದರ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. ಮಾರುತಿ ಬಂದ ಮೇಲೆ ಎಲ್ಲರ ಕಥೆಯೂ ಒಂದೇ. ಹೊಸ ಶತಮಾನ ಶುರುವಾಗುವ ಹೊತ್ತಿಗೆ ಪದ್ಮಿನಿಯ ತಯಾರಿಕೆ ನಿಂತಿತು. ಮುಂಬೈಯ ರಸ್ತೆಯಿಂದ ಕೊನೆಯ ಪದ್ಮಿನಿ ಟ್ಯಾಕ್ಸಿ ಇಳಿದದ್ದು 2023ರ ಅಕ್ಟೋಬರ್ ಕೊನೆಯಲ್ಲಿ.

ಗುಜರಿಯವರು ಬಂದಾಗ

ಇನ್ನು ಶೆಡ್ಡಿನಲ್ಲಿರುವುದರ ವಿಷಯ. ಕುಕ್ ಟೌನ್‌ನಲ್ಲಿ ನಮಗೆ ಗೊತ್ತಿರುವ ಒಂದು ಬ್ಯಾರಿ ಮನೆ ಇದೆ. ಮಂಗಳೂರು ಬಂದರಿನಿಂದ ವ್ಯಾಪಾರಕ್ಕೆ ಬಂದು ಇಲ್ಲೇ ನೆಲೆಸಿದವರು. ಬಾಪ ತೀರಿಕೊಂಡು ಆರು ವರ್ಷ, ಫಿಯೆಟ್ ಹಾಗೇ ನಿಂತಿದೆ. ಬುಕ್ಕು ಇನ್ನೂ ಬಾಪನ ಹೆಸರಲ್ಲೇ. ನಂಬರು ಎಂ.ವೈ. ಎಂದು ಶುರುವಾಗುವ, ರಾಜ್ಯಕ್ಕೆ ಮೈಸೂರು ಎಂದು ಹೆಸರಿದ್ದ ಕಾಲದ್ದು. ದೊಡ್ಡ ಮಗ ದಮ್ಮಾಮಿನಲ್ಲಿ. ಎರಡನೆಯವರು ಹೇಳುವುದು, ಜಾಗ ಖಾಲಿಯಾದರೆ ಎರಡು ಸ್ಕೂಟರ್ ನಿಲ್ಲಿಸಬಹುದು. ಮಗಳು ಮಾತ್ರ, “ನನ್ನನ್ನು ಹೆರಿಗೆಗೆ ಕರೆದುಕೊಂಡು ಹೋದದ್ದು ಇದೇ ಗಾಡಿಯಲ್ಲಿ ಕಾಕ, ತೂಕಕ್ಕೆ ಹಾಕಬೇಡಿ” ಎಂದು ಅಣ್ಣನ ಹತ್ತಿರ ಪ್ರತಿ ಸಲ ಹೇಳುತ್ತಾರೆ. ಶಿವಾಜಿನಗರದಿಂದ ಗುಜರಿಯವರು ಎರಡು ಸಲ ಬಂದು ನೋಡಿ ಹೋಗಿದ್ದಾರೆ. ಗುಜರಿ ವ್ಯಾಪಾರ ನಮ್ಮವರಿಗೆ ಅನ್ನ ಕೊಟ್ಟ ವ್ಯಾಪಾರ, ಅದನ್ನು ಹಗುರ ಮಾಡಿ ಮಾತಾಡುವುದು ನಮ್ಮ ಉದ್ದೇಶವಲ್ಲ. ಬಂದವರು ಬುದ್ಧಿವಂತರು, ಒಂದು ಟನ್‌ಗಿಂತ ಕಡಿಮೆ ಇರುವ ತಗಡಿಗೆ ತೂಕದ ರೇಟು ಹೇಳಿದರು. ಗೇರ್‌ಬಾಕ್ಸ್, ಮೀಟರ್, ಹೆಡ್‌ಲೈಟ್ ರಿಂಗು, ಕ್ರೋಮ್ ಪಟ್ಟಿ ಬಿಡಿಬಿಡಿಯಾಗಿ ಎಷ್ಟಕ್ಕೆ ಹೋಗುತ್ತದೆ ಎಂಬುದು ಅವರಿಗೆ ಗೊತ್ತು, ಮನೆಯವರಿಗೆ ಗೊತ್ತಿಲ್ಲ.

ಇಲ್ಲಿ ತಿಳಿದಿರಬೇಕಾದದ್ದು ಒಂದು ಲೆಕ್ಕ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಕಾರು ಅಥವಾ ಬೈಕು, ಮೂಲ ಸ್ವರೂಪದಲ್ಲೇ ಇದ್ದರೆ, ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸದಾಗಿ ನೋಂದಣಿಯಾಗುವವಕ್ಕೆ ‘ವಿಎ’ ಸರಣಿಯ ನಂಬರು. ಈಗಾಗಲೇ ನೋಂದಣಿ ಇರುವ ಗಾಡಿಗೆ ಹಳೇ ನಂಬರನ್ನೇ ಉಳಿಸಿಕೊಳ್ಳಲು ಅವಕಾಶ. ಹೊಸ ನೋಂದಣಿಗೆ ಶುಲ್ಕ 20 ಸಾವಿರ, ಹತ್ತು ವರ್ಷಕ್ಕೆ. ಮರುನೋಂದಣಿಗೆ 5 ಸಾವಿರ. ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಪ್ರದರ್ಶನ, ವಿಂಟೇಜ್ ರ್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಷ್ಟಕ್ಕೆ ಹೊರಗೆ ತರಬಹುದು.

ಲೆಕ್ಕ ಏನೆಂದರೆ, 60ರ ದಶಕದ ಫಿಯೆಟ್ಟುಗಳು ಈ ಗೆರೆಯನ್ನು ಆಗಲೇ ದಾಟಿವೆ. ಮೊದಮೊದಲ ಪದ್ಮಿನಿಗಳು ದಾಟುತ್ತಿರುವುದು ಈಗ, ಈ ಒಂದೆರಡು ವರ್ಷಗಳಲ್ಲಿ. ನಲವತ್ತೆಂಟು, ನಲವತ್ತೊಂಬತ್ತು ವರ್ಷ ಶೆಡ್ಡಿನಲ್ಲಿ ಇಟ್ಟುಕೊಂಡು, ಗೆರೆಯ ಹತ್ತಿರ ಬಂದಾಗ ತೂಕಕ್ಕೆ ಹಾಕುವವರು ಎಷ್ಟು ಮನೆಗಳಲ್ಲಿ ಇದ್ದಾರೋ.

ಮೂಲ ಸ್ವರೂಪ ಎಂಬ ಮಾತಿನಲ್ಲಿ ಒಂದು ಕೊಕ್ಕೆ ಉಂಟು. ಚಾಸಿಸ್, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಮೈಲೇಜ್ ಆಸೆಗೆ ಡೀಸೆಲ್ ಎಂಜಿನ್ ಕೂರಿಸಿಕೊಂಡ ಫಿಯೆಟ್ಟುಗಳಿಗೆ ಇದು ಕಷ್ಟ. ಹಾಗಾಗಿ ಈಗ ಗಾಡಿ ಎಬ್ಬಿಸಲು ಹೊರಟವರು ಒಳ್ಳೆಯದು ಮಾಡುತ್ತೇವೆ ಎಂದು ಬೇರೆ ಎಂಜಿನ್ ಹಾಕಿಸಬೇಡಿ. ಹಳೇ ಎಂಜಿನ್ ಜಾಮ್ ಆಗಿದ್ದರೂ ಅದನ್ನೇ ಬಿಚ್ಚಿಸಿ. ಪ್ಲಗ್ ತೆಗೆದು ಒಳಗೆ ಎಣ್ಣೆ ಬಿಟ್ಟು ಕೆಲವು ದಿನ ನೆನೆಸದೆ ಸೆಲ್ಫ್ ಹೊಡೆಯಬಾರದು ಎನ್ನುವುದು ಹಳೇ ಮಿಸ್ತ್ರಿಗಳ ಮಾತು, ಅದು ಸರಿಯೂ ಹೌದು. ಒಣಗಿದ ಸಿಲಿಂಡರಿನಲ್ಲಿ ಪಿಸ್ಟನ್ ಎಳೆದರೆ ರಿಂಗು ಮುರಿಯುತ್ತದೆ. ಹಳೇ ಪೆಟ್ರೋಲ್ ಪೂರ್ತಿ ಚೆಲ್ಲಬೇಕು, ಬ್ರೇಕಿನ ರಬ್ಬರುಗಳನ್ನು ನೋಡಿಯೇ ರಸ್ತೆಗೆ ಇಳಿಸಬೇಕು.

ಎಲ್ಲಕ್ಕಿಂತ ಮೊದಲು ಬುಕ್ಕು. ಮಾಲಕರು ತೀರಿಕೊಂಡರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳೊಳಗೆ ವಾರಸುದಾರರ ಹೆಸರಿಗೆ ಬದಲಿಸಲು ಅರ್ಜಿ ಕೊಡಬೇಕು ಎನ್ನುತ್ತದೆ ನಿಯಮ. ಅದಕ್ಕೆ ಇರುವುದು ನಮೂನೆ 31. ನಮ್ಮ ಮನೆಗಳಲ್ಲಿ ಮನೆ, ತೋಟ, ಅಂಗಡಿಯ ಪಾಲು ಮಾತಾಡುತ್ತೇವೆ. ಶೆಡ್ಡಿನ ಗಾಡಿಯನ್ನು ಯಾರೂ ಎಣಿಸುವುದಿಲ್ಲ. ವರ್ಷ ಕಳೆದಂತೆ ಒಬ್ಬರು ದುಬೈ, ಒಬ್ಬರು ಉಪ್ಪಿನಂಗಡಿ, ಒಬ್ಬರು ಇಲ್ಲ. ಎಲ್ಲ ವಾರಸುದಾರರ ಸಹಿ ಒಟ್ಟು ಮಾಡುವುದೇ ಎಂಜಿನ್ ಎಬ್ಬಿಸುವುದಕ್ಕಿಂತ ದೊಡ್ಡ ಕೆಲಸವಾಗುತ್ತದೆ. ತಡವಾಗಿದ್ದರೂ ದಂಡ ಕಟ್ಟಿ ಮಾಡಿಸಿಕೊಳ್ಳುವುದು ಒಳಿತು. ಬುಕ್ಕು ಸರಿ ಇಲ್ಲದ ಫಿಯೆಟ್, ಒಳಗೆ ಎಷ್ಟೇ ಮೂಲ ಎಂಜಿನ್ ಇದ್ದರೂ, ವಿಂಟೇಜ್ ಕೊಳ್ಳುವವರ ಕಣ್ಣಿಗೂ ತಗಡೇ.

ನಾವು ಹೇಳಿದ ಆ ಮನೆಯಲ್ಲಿ ಕಳೆದ ತಿಂಗಳು ಬುಕ್ಕು ಹುಡುಕಿದರು. ಬಾಪನ ಹಳೇ ತಗಡಿನ ಪೆಟ್ಟಿಗೆಯಲ್ಲಿ ಸಿಕ್ಕಿತು, ಜೊತೆಗೆ ಕುರ್ಲಾ ಕಾರ್ಖಾನೆಯ ಕೈಪಿಡಿ, ಒಂದು ಕಾಂಟ್ಯಾಕ್ಟ್ ಪಾಯಿಂಟ್, ಕಾಗದದಲ್ಲಿ ಸುತ್ತಿದ ಎರಡು ಪ್ಲಗ್ಗು. ನೋಂದಣಿಯ ತಾರೀಕು 1972. ದಮ್ಮಾಮಿನಿಂದ ದೊಡ್ಡ ಮಗನ ಸಹಿ ಬರುವುದು ಬಾಕಿ ಇದೆ.